ಮಾಡಿದ್ದು ನಾನು, ಮಾರುವ ಹಕ್ಕು ಯಾರದು?

ಪ್ರಶ್ನೆ: ನನಗೀಗ 30 ವರ್ಷ. ಬೆಂಗಳೂರಿನ ಕಂಪನಿ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಇಲ್ಲಿನ ಅಡಿಕೆ ವಖಾರಿಯ ಮಾಲೀಕರೊಬ್ಬರು ಅಪ್ಪನ ಸ್ನೇಹಿತರು, ನಾನು ಮಾವ ಎಂದೇ ಕರೆಯುವುದು. ಅವರು ಕೇಳಿದರೆಂದು ವಖಾರಿಯ ಲೆಕ್ಕಕ್ಕೆ ಒಂದು ಸಾಫ್ಟ್‌ವೇರ್ ಬರೆದುಕೊಟ್ಟೆ. ಹೊಸ ಚಾಲಿ, ಹಳೆ ಚಾಲಿ, ಕೋಕಾ, ಚಿಪ್ಪು ಎಂದು ತೂಕ, ದರ ಹಾಕಿದರೆ ಮುಂಗಡ ಕಳೆದು ಬೆಳೆಗಾರರ ಪಟ್ಟಿ ಮುದ್ರಣವಾಗಿ ಬರುತ್ತದೆ. ಮಾವ 15 ಸಾವಿರ ಕೊಟ್ಟರು. ಕಾಗದಪತ್ರ ಏನೂ ಆಗಿಲ್ಲ. ಈಗ ಶಿರಸಿ, ಹೊನ್ನಾವರದವರೂ ಕೇಳುತ್ತಿದ್ದಾರೆ. ಆನ್‌ಲೈನ್‌ನಲ್ಲಿ ಮಾರುತ್ತೇನೆ ಎಂದಾಗ ಮಾವ, 'ದುಡ್ಡು ಕೊಟ್ಟು ಮಾಡಿಸಿದ್ದು ನಾನು, ಬೇರೆಯವರಿಗೆ ಹೇಗೆ ಕೊಡ್ತೀಯೆ?' ಎಂದು ಮುಖ ತಿರುಗಿಸಿದರು. ಇನ್ನೊಂದು ಅಂಗಡಿಗೆ ಕೊಟ್ಟ ಪ್ರತಿ ಪೆನ್ ಡ್ರೈವ್‌ನಲ್ಲಿ ಮತ್ತೆರಡು ಕಡೆ ಹೋಗಿದೆ. 'ಕೈಗೆ ಸಿಗದ ಸಾಮಾನಿಗೆ ಯಾರು ದುಡ್ಡು ಕೊಡ್ತಾರೆ, ನೌಕರಿ ಹುಡುಕು' ಎನ್ನುತ್ತಾರೆ ಅಪ್ಪ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಕುಮಟಾ

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿದ್ದರೂ ನಿದ್ದೆ ಕೆಡಿಸಿರುವುದು ಮಾವನ ಮಾತು. ಅದು ಇತ್ಯರ್ಥವಾಗದೆ ಮಾರಾಟಕ್ಕೆ ಇಳಿದರೆ, ವ್ಯಾಪಾರ ಚೆನ್ನಾಗಿ ನಡೆದರೂ ನಿಮಗೆ ನೆಮ್ಮದಿ ಇರುವುದಿಲ್ಲ. ಅಲ್ಲಿಂದಲೇ ಶುರು ಮಾಡೋಣ.

ಕಾನೂನು ನಿಮ್ಮ ಪರ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯೆಂದೇ ಎಣಿಸುತ್ತದೆ. ಬರೆದವರೇ ಅದರ ಮೊದಲ ಒಡೆಯರು. ನೌಕರಿಯಲ್ಲಿದ್ದು, ಆ ನೌಕರಿಯ ಭಾಗವಾಗಿ ಬರೆದಿದ್ದರೆ ಮಾತ್ರ ಹಕ್ಕು ಮಾಲೀಕನದಾಗುತ್ತದೆ, ಬೇರೆ ಒಪ್ಪಂದ ಇಲ್ಲದಿದ್ದರೆ. ನೀವು ಮಾವನ ನೌಕರರಲ್ಲ. ಜನ ಎಡವುವುದು ಇಲ್ಲಿಯೇ. ಹಣ ಕೊಟ್ಟು ತೆಗೆಸಿದ ಫೋಟೊ, ಬರೆಸಿದ ಭಾವಚಿತ್ರದ ಹಕ್ಕು, ಬೇರೆ ಮಾತಾಗಿರದಿದ್ದರೆ, ಹಣ ಕೊಟ್ಟವರಿಗೆ ಸೇರುತ್ತದೆ ಎಂದು ಅದೇ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಆ ಪಟ್ಟಿಯಲ್ಲಿ ಪ್ರೋಗ್ರಾಮ್ ಇಲ್ಲ. ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು ಎನ್ನುವುದು 19ನೇ ಕಲಮು. ಅಂಥ ಕಾಗದ ನಿಮ್ಮ ನಡುವೆ ಇಲ್ಲ. ಒಂದು ಎಚ್ಚರಿಕೆ: ಬೆಂಗಳೂರಿನ ಕಂಪನಿಯಲ್ಲಿದ್ದಾಗ ಬರೆದ ಕೋಡ್ ಒಂದು ಸಾಲೂ ಇದರಲ್ಲಿ ಸೇರಿರಬಾರದು. ಸೇರಿದ್ದರೆ ಈಗಲೇ ತೆಗೆದು ಹೊಸದಾಗಿ ಬರೆಯಿರಿ.

ಆದರೆ ಈ ಕಲಮುಗಳನ್ನು ಹಿಡಿದುಕೊಂಡು ವಖಾರಿಗೆ ಹೋಗಬೇಡಿ. ಮಾವನ ಮಾತಿನಲ್ಲೂ ಹುರುಳಿದೆ. ಯಾರೂ ನಂಬದಿದ್ದಾಗ ನಂಬಿದವರು ಅವರು. ಯಾವ ಬೆಳೆಗಾರರಿಗೆ ಎಷ್ಟು ಮುಂಗಡ ಹೋಗಿದೆ, ಯಾವ ದರಕ್ಕೆ ಮಾಲು ಬಿತ್ತು ಎಂಬ ಒಳಗಿನ ಲೆಕ್ಕವನ್ನೆಲ್ಲ ನಿಮ್ಮ ಮುಂದೆ ತೆರೆದಿಟ್ಟರು. ಅವರಿಗೆ ನಿಜವಾಗಿ ಇರುವ ಅಂಜಿಕೆ ಆ ಲೆಕ್ಕ ಪಕ್ಕದ ವಖಾರಿಗೆ ಹೋದೀತು ಎಂಬುದೇ ಇರಬೇಕು. ಆದ್ದರಿಂದ ಅವರ ದತ್ತಾಂಶದ ಪ್ರತಿ ನಿಮ್ಮ ಲ್ಯಾಪ್‌ಟಾಪಿನಲ್ಲಿದ್ದರೆ ಅವರೆದುರೇ ಅಳಿಸಿ. ಬೇರೆಯವರಿಗೆ ತೋರಿಸುವ ಮಾದರಿಯಲ್ಲಿ ಒಂದು ನಿಜವಾದ ಹೆಸರೂ ಇರದಿರಲಿ. ಆಮೇಲೆ ಅರ್ಧ ಪುಟದ ಕಾಗದ ಮಾಡಿ: ಅವರಿಗೆ ಬಳಕೆ, ಮುಂದಿನ ಸುಧಾರಣೆ ಎಲ್ಲ ಜೀವನಪೂರ್ತಿ ಉಚಿತ, ಅವರ ಲೆಕ್ಕ ಅವರದೇ, ಪ್ರೋಗ್ರಾಮ್ ನಿಮ್ಮದು, ಮಾರುವ ಸ್ವಾತಂತ್ರ್ಯವೂ ನಿಮ್ಮದು. ಇಬ್ಬರೂ ಸಹಿ ಹಾಕಿ. ಕುಮಟಾ ಪೇಟೆಯಲ್ಲಿ ಒಂದು ಹಂಗಾಮು ಬೇರೆಯವರಿಗೆ ಕೊಡಬೇಡ ಎಂದು ಕೇಳಿದರೆ ಒಪ್ಪಿಕೊಳ್ಳಿ, ಅಷ್ಟು ಋಣ ಇದೆ. ಎಂದೆಂದಿಗೂ ಕೊಡಬೇಡ ಎಂದರೆ ಮಾತ್ರ ಒಪ್ಪಬೇಡಿ. ಅಪ್ಪನನ್ನು ನಡುವೆ ತರದೆ ನೀವೇ ಹೋಗಿ ಮಾತಾಡಿ.

ಇನ್ನು ನಕಲಿನ ಭಯ. ಕನ್ನಡ ಡಿಟಿಪಿ ಮಾಡುತ್ತಿದ್ದವರನ್ನು ಕೇಳಿ, ಪುಣೆಯ ಮಾಡ್ಯುಲರ್ ಇನ್ಫೊಟೆಕ್‌ನ ಶ್ರೀಲಿಪಿಗೆ ಡಾಂಗಲ್ ಇರುತ್ತಿದ್ದುದನ್ನು ನೆನೆಯುತ್ತಾರೆ. ಕಂಪ್ಯೂಟರಿಗೆ ಆ ಬೀಗ ಸಿಕ್ಕಿಸದೆ ತಂತ್ರಾಂಶ ನಡೆಯದು. ಅದೇ ಕಾಲದಲ್ಲಿ, 1998ರಲ್ಲಿ, ಶೇಷಾದ್ರಿವಾಸು ಅವರ 'ಬರಹ' ಬಂತು. ಅಂತರ್ಜಾಲದಿಂದ ಉಚಿತವಾಗಿ ಇಳಿಸಿಕೊಂಡು ಬಳಸಿದ ಕನ್ನಡಿಗರಿಗೆ ಲೆಕ್ಕವಿಲ್ಲ. ಅದಕ್ಕೆ ಬೆಲೆ ಇಟ್ಟದ್ದು ಬಹಳ ವರ್ಷಗಳ ಮೇಲೆ. ಎರಡೂ ದಾರಿಗಳು ನಡೆದವು. ನಿಮಗೆ ಎರಡರ ನಡುವಿನದು ಹೊಂದುತ್ತದೆ, ಏಕೆಂದರೆ ನಿಮ್ಮ ಗಿರಾಕಿಗೆ ಬೇಕಿರುವುದು ಬರೀ ಫೈಲ್ ಅಲ್ಲ. ಕುಮಟಾದ ಚಿಪ್ಪು, ಕೋಕಾ ಇಟ್ಟುಕೊಂಡು ಶಿರಸಿಯಲ್ಲಿ ವ್ಯವಹಾರ ನಡೆಯುವುದಿಲ್ಲ. ಅಲ್ಲಿ ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಬೇಕು. ತೆರಿಗೆ ನಿಯಮ ಬದಲಾದರೆ ಬಿಲ್ ಬದಲಾಗಬೇಕು. ಪಟ್ಟಿ ತಪ್ಪಿದ ದಿನ ಫೋನ್ ಎತ್ತುವವರು ಬೇಕು. ಪೆನ್ ಡ್ರೈವ್‌ನಲ್ಲಿ ಪಡೆದವರಿಗೆ ಇದೊಂದೂ ಸಿಗುವುದಿಲ್ಲ. ಆ ಎರಡು ಅಂಗಡಿಗಳ ಮೇಲೆ ಸಿಟ್ಟಾಗದೆ, ಮೊದಲ ವರ್ಷದ ಶುಲ್ಕದಲ್ಲಿ ರಿಯಾಯಿತಿ ಕೊಟ್ಟು ಕರೆಯಿರಿ. ಅವರು ಆಗಲೇ ಬಳಸಿ ನೋಡಿದ್ದಾರೆ.

ತಲುಪಿಸುವ ವ್ಯವಸ್ಥೆ ಮಾತ್ರ ಗಟ್ಟಿಯಾಗಿರಬೇಕು. ಗಿರಾಕಿ ಯುಪಿಐನಲ್ಲಿ ಹಣ ಕಟ್ಟುತ್ತಾರೆ, ಪಾವತಿ ಸಂಸ್ಥೆ ನಿಮ್ಮ ಸರ್ವರಿಗೆ ಸಂದೇಶ ಕಳಿಸುತ್ತದೆ, ಅದನ್ನು ನಂಬಿ ಸರ್ವರ್ ಲೈಸೆನ್ಸ್ ಕೀ ತಯಾರಿಸಿ ಕಳಿಸುತ್ತದೆ. ಆ ಸಂದೇಶ ನಿಜಕ್ಕೂ ಪಾವತಿ ಸಂಸ್ಥೆಯದೇ ಎಂದು ಸಹಿ ತಾಳೆ ನೋಡುವ ಹೆಜ್ಜೆಯನ್ನು ಬಿಡಬೇಡಿ, ಇಲ್ಲದಿದ್ದರೆ ಹಣ ಬರದೆಯೂ ಕೀ ಹೋಗುತ್ತದೆ. 'ಹಣ ಕಟ್ಟಿದೆ' ಎನ್ನುವ ಸ್ಕ್ರೀನ್‌ಶಾಟ್ ನೋಡಿ ಕೀ ಕೊಡಲೇಬೇಡಿ. ಕೀಯಲ್ಲಿ ಸೊನ್ನೆ ಮತ್ತು ಓ, ಒಂದು ಮತ್ತು ಐ ಎರಡೂ ಬೇಡ, ಯಾಕೆಂದರೆ ವಖಾರಿಯ ಗುಮಾಸ್ತರು ಅದನ್ನು ಫೋನಿನಲ್ಲಿ ಓದಿ ಹೇಳುತ್ತಾರೆ. ನಮ್ಮ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕರೆಂಟು, ನೆಟ್ ಎರಡೂ ಹೋದಾಗ ಸಾಫ್ಟ್‌ವೇರ್ ಲೈಸೆನ್ಸ್ ಕೇಳುತ್ತಾ ನಿಂತರೆ ಗಿರಾಕಿ ಮರಳಿ ಪುಸ್ತಕಕ್ಕೇ ಹೋಗುತ್ತಾರೆ. ಒಮ್ಮೆ ತಾಳೆಯಾದ ಮೇಲೆ ತಿಂಗಳು ಕಾಲವಾದರೂ ನೆಟ್ ಇಲ್ಲದೆ ನಡೆಯಲಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಅಂಥ ಹೊತ್ತಿನಲ್ಲಿ ಅಂಕೋಲೆಯ ಅಂಗಡಿಗೆ ಬೈಕಿನಲ್ಲಿ ಹೋಗಿ ರಿಪೇರಿ ಮಾಡಲಾಗದು. ದೂರದಿಂದಲೇ ಸರಿಪಡಿಸುವ ದಾರಿ ಮೊದಲೇ ಇರಲಿ.

ಇಳಿಸಿಕೊಳ್ಳುವಾಗ ವಿಂಡೋಸ್ 'ಪ್ರಕಾಶಕರು ಯಾರೆಂದು ತಿಳಿಯದು' ಎಂದು ಎಚ್ಚರಿಸಿದರೆ ಅರ್ಧ ಗಿರಾಕಿಗಳು ಅಲ್ಲಿಗೇ ನಿಲ್ಲಿಸುತ್ತಾರೆ. ಕೋಡ್ ಸೈನಿಂಗ್ ಪ್ರಮಾಣಪತ್ರ ಕೊಳ್ಳಿ. ಖರ್ಚು ಇದೆ, ಆದರೂ ಬೇಕೇ ಬೇಕು.

ಜಿಎಸ್‌ಟಿಗೆ ಈಗಲೇ ಹೆದರಬೇಕಿಲ್ಲ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಹೊರದೇಶಕ್ಕೆ ಮಾರುವ ಮುನ್ನ ಮಾತ್ರ ಲೆಕ್ಕಪರಿಶೋಧಕರನ್ನು ಕಾಣಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ನಿಮ್ಮ ತಾಣದಲ್ಲಿ ಹೆಸರು, ವಿಳಾಸ, ಹಣ ವಾಪಸಾತಿಯ ಷರತ್ತು, ದೂರು ಕೇಳುವವರು ಯಾರು ಎಂಬುದು ಕಾಣಬೇಕು. ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು.

ಅಪ್ಪನಿಗೆ ಮಾತಿನಲ್ಲಿ ಉತ್ತರ ಕೊಡಲು ಹೋಗಬೇಡಿ. ತಿಂಗಳ ಕೊನೆಗೆ ಎಷ್ಟು ಬಂತು, ಎಷ್ಟು ಹೋಯಿತು ಎಂದು ಬರೆದು ತೋರಿಸಿ. ಮಗಳ ಭವಿಷ್ಯದ ಚಿಂತೆ ಅವರದು, ಅಂಕಿ ನೋಡಿದರೆ ಹಗುರಾಗುತ್ತದೆ. ಒಂದು ವರ್ಷದ ಮನೆಖರ್ಚು ಕೈಯಲ್ಲಿಲ್ಲದಿದ್ದರೆ ಅರೆಕಾಲಿಕ ಕೆಲಸವೊಂದನ್ನು ಹಿಡಿದುಕೊಂಡೇ ಶುರು ಮಾಡಿ. ಅದರಲ್ಲಿ ಸೋಲೇನಿಲ್ಲ.

ಕೊನೆಯದಾಗಿ ಬೆಲೆ. ಊರಿನವರು, ಪರಿಚಯದವರು ಎಂದು 500 ರೂಪಾಯಿಗೆ ಇಳಿಯಬೇಡಿ. ಒಮ್ಮೆ ಮಾರಿ ಮುಗಿಸುವ ಬದಲು ವಾರ್ಷಿಕ ಶುಲ್ಕ ಇಡಿ, ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಅವರ ಲೆಕ್ಕದ ವರ್ಷಕ್ಕೆ ಹೊಂದುವಂತೆ. ಖಾತೆಯಿಂದ ತಾನಾಗಿ ಹಣ ಕಡಿತವಾಗುವುದನ್ನು ನಮ್ಮ ವ್ಯಾಪಾರಿಗಳು ಸಹಿಸುವುದಿಲ್ಲ, ಮಾರ್ಚ್‌ನಲ್ಲಿ ಫೋನ್ ಮಾಡಿ ನೆನಪಿಸಿ. ಫೋನಿಗೆ ಸಿಗುವ ಸಮಯವನ್ನು ಬಿಲ್ಲಿನ ಮೇಲೇ ಅಚ್ಚು ಹಾಕಿಸಿ, ಆ ಹೊತ್ತಿನಲ್ಲಿ ಬಂದ ಒಂದು ಕರೆಯನ್ನೂ ತಪ್ಪಿಸಬೇಡಿ. ಗಿರಾಕಿ ಎರಡನೇ ವರ್ಷ ಹಣ ಕಟ್ಟುವುದು ಅದಕ್ಕೇ.