ಮನೆಗೆಲಸ ಎಂದು ಬರೆಸಿದವರ ದುಡಿಮೆ

ಹಳೆಯ ಖರೀದಿಪತ್ರ ಕೈಗೆ ಸಿಕ್ಕರೆ ನನ್ನ ಕಣ್ಣು ಚಕ್ಕುಬಂದಿಯ ಕಡೆ ಹೋಗುವುದಿಲ್ಲ, ಹೆಸರಿನ ಮುಂದಿನ ಸಾಲಿಗೆ ಹೋಗುತ್ತದೆ. ವಯಸ್ಸು ಇಷ್ಟು, ಉದ್ಯೋಗ ಒಕ್ಕಲುತನ, ಸಾಕೀನ ಕಣಗಲಾ, ತಾಲೂಕು ಹುಕ್ಕೇರಿ. ಹೆಣ್ಣುಮಗಳಾಗಿದ್ದರೆ ಉದ್ಯೋಗ ಮನೆಗೆಲಸ. ಸಂಖ್ಯಾಶಾಸ್ತ್ರದ ಪಾಠ ಹೇಳಿಕೊಂಡಿರುವ ನಾನು ನಮ್ಮ ಭಾಗದ ಹಿಂದಿನ ತಲೆಮಾರುಗಳು ಯಾವ ಕೆಲಸದಿಂದ ಯಾವ ಕೆಲಸಕ್ಕೆ ಹೋದವು ಎಂದು ಲೆಕ್ಕ ಹಾಕಲು ಕೂತಾಗ ಮೊದಲು ಎದುರಾದದ್ದು ಈ ಸಾಲೇ.

ಒಕ್ಕಲುತನ ಎಂದು ಬರೆಸಿದವರಲ್ಲಿ ದೊಡ್ಡ ಹಿಡುವಳಿಯ ಗೌಡರೂ ಇದ್ದರು, ಅವರ ಹೊಲವನ್ನೇ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದವರೂ ಇದ್ದರು. 1974ರ ಭೂಸುಧಾರಣೆಯಲ್ಲಿ ಗೇಣಿದಾರ ಮಾಲೀಕನಾದ. ಪತ್ರದಲ್ಲಿ ಮಾತ್ರ ಉದ್ಯೋಗ ಅದೇ ಉಳಿಯಿತು. ಯುರೋಪಿನ ಇತಿಹಾಸಕಾರರು 2002ರಲ್ಲಿ ಹೊರತಂದ ‘ಹಿಸ್ಕೊ’ ಎಂಬ ವರ್ಗೀಕರಣದಲ್ಲಿ ಕೆಲಸಕ್ಕೆ ಒಂದು ಸಂಕೇತ, ಆ ಕೆಲಸದಲ್ಲಿ ಮನುಷ್ಯನ ಸ್ಥಾನಕ್ಕೆ ಇನ್ನೊಂದು. ನಾನೂ ಅದನ್ನೇ ಹಿಡಿದೆ. ಖರೀದಿಪತ್ರದ ಜೊತೆ ಹೊಲದ ಉತಾರವನ್ನೂ (ಪಹಣಿಯನ್ನೂ) ಇಟ್ಟುಕೊಂಡು ಓದಿದರೆ ಒಂದೇ ಉದ್ಯೋಗದೊಳಗೆ ಒಬ್ಬ ಏರಿದ್ದೂ ಇನ್ನೊಬ್ಬ ಇಳಿದದ್ದೂ ಕಾಣುತ್ತದೆ.

ನಮ್ಮೂರು ಕಣಗಲಾ ಇರುವ ಜಾಗವೇ ಲೆಕ್ಕವನ್ನು ತೊಡಕು ಮಾಡುತ್ತದೆ. ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ, ಈ ಕಡೆ ಸಂಕೇಶ್ವರದ ಸಕ್ಕರೆ ಕಾರ್ಖಾನೆ, ಆ ಕಡೆ ನಿಪ್ಪಾಣಿಯ ತಂಬಾಕಿನ ವಖಾರಿಗಳು. ಗಡಿ ದಾಟಿದರೆ ಇಚಲಕರಂಜಿಯ ಮಗ್ಗಗಳು. 1985ರಲ್ಲಿ ಕಣಗಲಾಕ್ಕೇ ಹಿಂದೂಸ್ತಾನ್ ಲೇಟೆಕ್ಸ್ ಕಾರ್ಖಾನೆ ಬಂತು. ಹೀಗಿರುವಾಗ ಒಬ್ಬನೇ ಮನುಷ್ಯ ಹಂಗಾಮಿನಲ್ಲಿ ಕಬ್ಬು ಕಡಿದು, ಬೇಸಿಗೆಯಲ್ಲಿ ವಖಾರಿಗೆ ಹೋಗಿ, ಮಳೆ ಬಿದ್ದ ಮೇಲೆ ಸ್ವಂತ ಹೊಲ ಬಿತ್ತಿದರೆ ಅವನ ಉದ್ಯೋಗ ಯಾವುದು?

ಜನಗಣತಿಯವರಿಗೂ ಇದು ಬಗೆಹರಿದಿರಲಿಲ್ಲ. 1961ರಲ್ಲಿ ಹಂಗಾಮಿನ ಬಹುಭಾಗ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ದುಡಿದವರನ್ನೆಲ್ಲ ಕೆಲಸಗಾರರೆಂದು ಎಣಿಸಿದರು. 1971ರಲ್ಲಿ ಪ್ರಶ್ನೆ ಬದಲಾಗಿ, ಮುಖ್ಯ ಚಟುವಟಿಕೆ ಯಾವುದು ಎಂದು ಕೇಳಿದರು. ದೇಶದಲ್ಲಿ ದುಡಿಯುವ ಹೆಂಗಸರ ಸಂಖ್ಯೆ ಕಾಗದದ ಮೇಲೆ ಸುಮಾರು ಅರ್ಧಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಅಷ್ಟು ಜನ ಕೈ ಕಟ್ಟಿ ಕೂತಿರಲಾರರು. ಎರಡು ಕಾಲದ ಅಂಕಿಗಳನ್ನು ಪಕ್ಕಪಕ್ಕ ಇಡುವ ಮೊದಲು ಆಯಾ ಕಾಲದಲ್ಲಿ ಕೇಳಿದ ಪ್ರಶ್ನೆ ಏನೆಂದು ನೋಡಬೇಕು ಎಂದು ನನ್ನ ವಿದ್ಯಾರ್ಥಿಗಳಿಗೆ ಈಗ ಮೊದಲ ತರಗತಿಯಲ್ಲೇ ಹೇಳುತ್ತೇನೆ.

ಬೀಡಿ ಕಟ್ಟುವ ಆಯಿಯೊಬ್ಬರ ಕಟ್ಟೆಯ ಮೇಲೆ ಕೂತು ಕೇಳಿದ್ದೆ: “ಆಯಿ, ಏನ್ ಕೆಲಸಾ ಮಾಡೀರಿ?” “ನಾ ಎಲ್ಲಿ ಕೆಲಸಕ್ಕ ಹೋಗೇನಿ ತಮ್ಮಾ, ಮನ್ಯಾಗ ಇದ್ದಾಕಿ.” ತೊಡೆಯ ಮೇಲೆ ಮೊರ. ತಗಡಿನ ಅಳತೆ ಇಟ್ಟು ಕತ್ತರಿಸಿದ ಎಲೆಗೆ ತಂಬಾಕು ಸುರಿದು, ಸುತ್ತಿ, ಬಾಯಿ ಮಡಚಿ, ದಾರ ಬಿಗಿಯುತ್ತಿದ್ದ ಬೆರಳು ಮಾತಿಗೂ ನಿಲ್ಲಲಿಲ್ಲ. “ಮತ್ತ ಬೀಡಿ?” “ಅದನ್ನ ಸಣ್ಣಾಕಿ ಇದ್ದಾಗಿಂದ ಕಟ್ತೀನಲ್ಲಾ!” ಯಾವ ವರ್ಷದಿಂದ ಎಂದರೆ ಹೇಳಲಾರರು. ಎಪ್ಪತ್ತೆರಡರ ಬರಕ್ಕಿಂತ ಮೊದಲೋ, ಹಿರೇಮಗ ಹುಟ್ಟಿದ ಮೇಲೋ, ನಿಪ್ಪಾಣಿಯಲ್ಲಿ ತಂಬಾಕು ರೈತರ ಚಳವಳಿ ನಡೆದ 1981ರ ಹೊತ್ತಿಗೋ ಎಂದು ಕೇಳಿದರೆ ತಪ್ಪದೆ ಹೇಳುತ್ತಾರೆ.

ದಾಖಲೆಯ ಕಥೆ ಬೇರೆ. ಭವಿಷ್ಯ ನಿಧಿ ಬೀಡಿ ಉದ್ಯಮಕ್ಕೆ ಬಂದದ್ದು 1977ರಲ್ಲಿ. ಮನೆಯಲ್ಲಿ ಕಟ್ಟುವವರಿಗೂ ಅದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1985ರಲ್ಲಿ. ಅದಕ್ಕೂ ಮೊದಲೇ ಬೀಡಿ ಬಿಟ್ಟವರು ಆ ನಿಧಿಯ ಪುಸ್ತಕಗಳಲ್ಲಿ ಇಲ್ಲವೇ ಇಲ್ಲ. ಇರುವವರು ಅಷ್ಟು ಕಾಲ ತಾಳಿಕೊಂಡವರು. ಇವರನ್ನಷ್ಟೇ ಎಣಿಸಿದರೆ ಬೀಡಿ ಕೆಲಸ ಬಹಳ ಸ್ಥಿರವಾದದ್ದೆಂದು ಕಾಣುತ್ತದೆ. ಆದ್ದರಿಂದ ಒಬ್ಬೊಬ್ಬರನ್ನೂ ಪುಸ್ತಕದಲ್ಲಿ ಹೆಸರು ಬಿದ್ದ ವರ್ಷದಿಂದ ಮಾತ್ರ ಲೆಕ್ಕಕ್ಕೆ ಸೇರಿಸಬೇಕು, ಕಟ್ಟಲು ಶುರು ಮಾಡಿದ ವರ್ಷದಿಂದಲ್ಲ.

ಇನ್ನೊಂದು ತುದಿಯಲ್ಲೂ, ಅಂದರೆ ಕೆಲಸ ಬಿಡುವ ಕಡೆಯೂ, ಇಂಥದೇ ತೊಡಕು. ಒಂದು ಕಾರ್ಖಾನೆಗೆ ಒಂದೇ ವರ್ಷ ಹತ್ತು ಮಂದಿ ಸೇರಿದರೆಂದುಕೊಳ್ಳಿ. ಎರಡು, ನಾಲ್ಕು, ಆರು ವರ್ಷಕ್ಕೆ ಒಬ್ಬೊಬ್ಬರು ಬಿಟ್ಟರು. ಐದನೆಯ ವರ್ಷದ ಬಳಿಕ ಒಬ್ಬನ ಹೆಸರು ಹಾಜರಿಯಲ್ಲೇ ಇಲ್ಲ. ಎಂಟನೆಯ ವರ್ಷ ನಾವು ನೋಡುವಾಗ ಆರು ಮಂದಿ ಇನ್ನೂ ಕೆಲಸದಲ್ಲಿದ್ದಾರೆ. ಬಿಟ್ಟವರ ಸರಾಸರಿ ತೆಗೆದರೆ ನಾಲ್ಕು ವರ್ಷ, ಅಂದರೆ ಯಾರೂ ನಿಲ್ಲದ ಕೆಲಸ! ಕಪ್ಲಾನ್ ಮತ್ತು ಮಾಯರ್ 1958ರಲ್ಲಿ ಕೊಟ್ಟ ವಿಧಾನ ಹೀಗಿದೆ: ಒಬ್ಬ ಬಿಟ್ಟಾಗಲೆಲ್ಲ, ಆ ಹೊತ್ತಿಗೆ ಎಷ್ಟು ಮಂದಿ ಇದ್ದರು, ಎಷ್ಟು ಮಂದಿ ಉಳಿದರು ಎಂದು ನೋಡಿ ಗುಣಿಸುತ್ತ ಹೋಗುವುದು. ಹತ್ತರಲ್ಲಿ ಒಂಬತ್ತು, ಒಂಬತ್ತರಲ್ಲಿ ಎಂಟು. ಕಾಣೆಯಾದವನನ್ನು ಅಲ್ಲಿಯವರೆಗೆ ಮಾತ್ರ ಎಣಿಸಿ, ಏಳರಲ್ಲಿ ಆರು. ಗುಣಿಸಿದರೆ ನೂರಕ್ಕೆ ಸುಮಾರು 69 ಮಂದಿ ಎಂಟು ವರ್ಷಕ್ಕೂ ಉಳಿದವರು. ಅದೇ ಹತ್ತು ಮಂದಿ, ಉತ್ತರ ಪೂರಾ ಬೇರೆ.

ಆದರೆ ಈ ವಿಧಾನಕ್ಕೊಂದು ಷರತ್ತಿದೆ. ಕಾಣೆಯಾದವನು ಉಳಿದವರಂಥವನೇ ಆಗಿರಬೇಕು. ಕೆಲಸ ಹೋದದ್ದಕ್ಕೇ ಇಚಲಕರಂಜಿಗೆ ಹೋದವನಾದರೆ ಲೆಕ್ಕ ಕೆಡುತ್ತದೆ. ಅದನ್ನು ಕಂಪ್ಯೂಟರು ಹೇಳುವುದಿಲ್ಲ, ಅವನ ಓಣಿಯವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಲೆಕ್ಕಕ್ಕಿಂತ ಹೆಚ್ಚು ಹೊತ್ತು ಹೋಗುವುದು ಓಣಿಯಲ್ಲೇ.

ವರ್ಷಕ್ಕೊಂದು ಅಕ್ಷರ ಹಾಕಿ ಇಡೀ ಬದುಕನ್ನೇ ಸಾಲಾಗಿ ಬರೆದು, ಎರಡು ಸಾಲುಗಳ ಅಂತರ ಅಳೆಯುವ ವಿಧಾನವೂ ಇದೆ. ಆಂಡ್ರ್ಯೂ ಅಬಟ್ 1980ರ ದಶಕದಲ್ಲಿ ಅದನ್ನು ಸಮಾಜಶಾಸ್ತ್ರಕ್ಕೆ ತಂದರು. ಚಿತ್ರ ಚೆಂದ ಬರುತ್ತದೆ. ಕೂಲಿಯಿಂದ ಬೀಡಿಗೆ ಎಷ್ಟು ದೂರ, ಬೀಡಿಯಿಂದ ಕಾರ್ಖಾನೆಗೆ ಎಷ್ಟು ದೂರ ಎಂಬುದನ್ನು ಮಾತ್ರ ನಾವೇ ನಿರ್ಧರಿಸಬೇಕು. ಅಲ್ಲಿ ನಮ್ಮ ಪೂರ್ವಗ್ರಹವೂ ನುಸುಳುತ್ತದೆ. ಹಾಗಾಗಿ ಅದನ್ನು ನಾನು ನೋಡಲು ಬಳಸುತ್ತೇನೆ, ತೀರ್ಪು ಕೊಡಲು ಬಳಸುವುದಿಲ್ಲ.

ಓದುಗರಲ್ಲಿ ಒಂದು ಕೇಳಿಕೆ. ಮನೆಯ ಟ್ರಂಕಿನಲ್ಲಿ ಅಜ್ಜನ ಹಾಜರಿ ಕಾರ್ಡು, ಆಯಿಯ ಪಿ.ಎಫ್. ಪುಸ್ತಕ, ಕಾರ್ಖಾನೆಯ ಹಂಗಾಮು ಪಾಸು ಇದ್ದರೆ ರದ್ದಿಗೆ ಹಾಕಬೇಡಿ. ಹಿಂದೆ ಒಂದು ಚೀಟಿ ಅಂಟಿಸಿ, ಅದಕ್ಕೂ ಮೊದಲು ಅವರು ಏನು ಮಾಡುತ್ತಿದ್ದರು, ಆಮೇಲೆ ಎಲ್ಲಿ ಹೋದರು ಎಂದು ಅವರನ್ನೇ ಕೇಳಿ ಬರೆದಿಡಿ.