ಧೂಪಾರತಿ ಹಿಡಿದ ಅರಸ



ಜುದೇಯದ ಅರಸ ಉಜ್ಜೀಯ ಕೆಟ್ಟವನೇನೂ ಆಗಿರಲಿಲ್ಲ. ಪೂರ್ವಕಾಲದ ಇತಿಹಾಸ ಎರಡನೆಯ ಗ್ರಂಥದ 26ನೇ ಅಧ್ಯಾಯ ತೆರೆದು ನೋಡಿ. 16ನೇ ವಯಸ್ಸಿನಲ್ಲಿ ಪಟ್ಟಕ್ಕೆ ಬಂದವನು 52 ವರ್ಷ ಆಳಿದನು. ಜೆರುಸಲೇಮಿನಲ್ಲಿ ಬುರುಜುಗಳನ್ನು ಕಟ್ಟಿಸಿದನು, ದನಕರುಗಳಿಗಾಗಿ ಬಾವಿಗಳನ್ನು ತೋಡಿಸಿದನು. ಬೇಸಾಯವೆಂದರೆ ಅವನಿಗೆ ಬಹಳ ಪ್ರೀತಿ. ಪುತ್ತೂರು, ಸುಳ್ಯ, ಕಡಬದ ಗುಡ್ಡಗಳಲ್ಲಿ ಬೆವರು ಸುರಿಸಿ ಅಡಿಕೆ, ರಬ್ಬರ್ ತೋಟ ಎಬ್ಬಿಸಿದ ನಿಮಗೆ ಇಂಥ ಶ್ರಮಜೀವಿಯ ಪರಿಚಯ ಹೇಳಬೇಕಾಗಿಲ್ಲ.

ಹಾಗಾದರೆ ಅವನು ಎಡವಿದ್ದೆಲ್ಲಿ? ಬಲ ಬಂದ ಮೇಲೆ ಅಹಂಕಾರವೂ ಬಂತು. ಒಂದು ದಿನ ತಾನೇ ಧೂಪಾರತಿ ಹಿಡಿದು, ಧೂಪ ಹಾಕಲು ದೇವಾಲಯದೊಳಗೆ ಹೋದನು. ಅದು ಆರೋನನ ವಂಶದ ಯಾಜಕರಿಗೆ ಒಪ್ಪಿಸಿದ್ದ ಸೇವೆ. ಯಾಜಕ ಅಜರ್ಯ 80 ಮಂದಿ ಯಾಜಕರೊಡನೆ ಹಿಂದೆಯೇ ಹೋಗಿ ಅರಸನನ್ನು ತಡೆದನು; ಹೊರಗೆ ಹೋಗುವಂತೆ ನೇರವಾಗಿ ಹೇಳಿದನು.

ಇಲ್ಲೊಂದು ವಿಷಯ ಗಮನಿಸಿ. ಒಳಗೆ ಕಾಲಿಟ್ಟ ಕೂಡಲೇ ಶಿಕ್ಷೆ ಬರಲಿಲ್ಲ. ಮೊದಲು ಬಂದದ್ದು ಬುದ್ಧಿಮಾತು. ಉಜ್ಜೀಯ ಅದನ್ನು ಕೇಳದೆ ಕೋಪದಿಂದ ಉರಿದನು. ಆ ಕೋಪದ ನಡುವೆಯೇ ಅವನ ಹಣೆಯಲ್ಲಿ ಕುಷ್ಠ ಕಾಣಿಸಿತು. ಸಾಯುವ ತನಕ ಪ್ರತ್ಯೇಕ ಮನೆಯಲ್ಲಿರಬೇಕಾಯಿತು. ಮಗ ಯೋತಾಮನು ರಾಜ್ಯಭಾರ ನೋಡಿಕೊಂಡನು. ತನ್ನದಲ್ಲದ ಸ್ಥಾನಕ್ಕೆ ಕೈಹಾಕಿದವನಿಗೆ ದೇವಾಲಯದ ಬಾಗಿಲೇ ಮುಚ್ಚಿತು. ಕುಷ್ಠರೋಗಿಗಳೆಲ್ಲ ಪಾಪಿಗಳೆಂದು ಇದರ ಅರ್ಥವಲ್ಲ. ಪ್ರಭು ಯೇಸು ಅಂಥವರನ್ನು ಮುಟ್ಟಿ ಗುಣಪಡಿಸಿದರು.

ಇಂದು ನಮಗೇನು ಪಾಠ? ದೀಕ್ಷಾಸ್ನಾನ ಪಡೆದವರೆಲ್ಲರೂ ಕ್ರಿಸ್ತರ ಯಾಜಕತ್ವದಲ್ಲಿ ಪಾಲುಗಾರರು. ಆದರೂ ಅಭಿಷಿಕ್ತ ಗುರುಗಳ ಸೇವೆ ಬೇರೆಯೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಬೋಧಿಸಿತು. ಅದಕ್ಕೂ ಮೊದಲು, 1963ರಲ್ಲಿ, ಅದೇ ಮಹಾಸಭೆ ಗುರುಗಳಿಗೂ ಮೇರೆ ಹಾಕಿತ್ತು: ಪೂಜಾವಿಧಿಗೆ ತಮ್ಮಿಷ್ಟದಂತೆ ಏನನ್ನೂ ಸೇರಿಸಬಾರದು, ತೆಗೆಯಬಾರದು, ಬದಲಾಯಿಸಬಾರದು. ಅಂದ ಮೇಲೆ ಪೀಠ ಯಾರ ಸ್ವಂತ ಆಸ್ತಿಯೂ ಅಲ್ಲ.

ಚರ್ಚ್ ಕಟ್ಟಡಕ್ಕೆ ಕೈಬಿಚ್ಚಿ ಕೊಟ್ಟವರೇ, ವಾರ್ಷಿಕ ಹಬ್ಬಕ್ಕೆ ಹಗಲಿರುಳು ದುಡಿದವರೇ, ಗಾಯನ ತಂಡ ನಡೆಸುವವರೇ, ನಿಮ್ಮ ಸೇವೆ ದೊಡ್ಡದು. ಆದರೆ "ನಾನಿಲ್ಲದಿದ್ದರೆ ಇದೆಲ್ಲ ಆಗುತ್ತಿತ್ತೇ?" ಎಂಬ ಮಾತು ಮನಸ್ಸಿನಲ್ಲಿ ಎದ್ದಾಗ ಉಜ್ಜೀಯನನ್ನು ನೆನೆಯಿರಿ. ಅವನನ್ನು ಕೆಡಿಸಿದ್ದು ಸೋಲಲ್ಲ, ಗೆಲುವು. ಮನೆಯಲ್ಲೂ ಹಾಗೆಯೇ. ದುಡಿದು ತರುವ ಯಜಮಾನನಿಗೆ ಮಡದಿಯ ಒಂದು ಬುದ್ಧಿಮಾತು ಸಹಿಸುವುದು ಕೆಲವೊಮ್ಮೆ ಉಪವಾಸಕ್ಕಿಂತ ಕಷ್ಟ.

ಈ ವಾರ ಕುಟುಂಬ ಪ್ರಾರ್ಥನೆಯಲ್ಲಿ ಈ ಅಧ್ಯಾಯವನ್ನು ಓದಿ. ಬಳಿಕ ಒಬ್ಬೊಬ್ಬರೂ ತಮ್ಮನ್ನೇ ಕೇಳಿಕೊಳ್ಳಿ: ಕೊನೆಯ ಬಾರಿ ನನ್ನನ್ನು ತಿದ್ದಿದವರು ಯಾರು? ಅವರಿಗೆ ನಾನು ಕೊಟ್ಟ ಉತ್ತರವೇನು?