ಕಲಬುರಗಿಗೆ ಉಣ್ಣಲೆಂದೇ ಹೋಗುವವರಿಗೆ

ಕಲಬುರಗಿಗೆ ಬರುವವರು ಕೋಟೆ, ಖ್ವಾಜಾ ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ಬುದ್ಧವಿಹಾರ ನೋಡಿ ರಾತ್ರಿ ರೈಲಿಗೆ ವಾಪಸಾಗುತ್ತಾರೆ. ನಡುವೆ ಹಸಿವಾದರೆ ಇಳಿದುಕೊಂಡ ಲಾಡ್ಜಿನ ಎ.ಸಿ. ರೆಸ್ಟೊರೆಂಟ್ ಇದ್ದೇ ಇದೆ. ಅಲ್ಲಿ ಪನೀರ್ ಬಟರ್ ಮಸಾಲಾ, ಗೋಬಿ ಮಂಚೂರಿ, ಫ್ರೈಡ್ ರೈಸ್. ಜೋಳ, ತೊಗರಿ, ಶೇಂಗಾ ಬೆಳೆಯುವ ನಾಡಿಗೆ ಬಂದು ಇಷ್ಟನ್ನೇ ಉಂಡು ಹೋಗುವುದು ದೊಡ್ಡ ನಷ್ಟ.

ಈ ಊರಿನ ಊಟಕ್ಕೆ ಹೊತ್ತು ಮುಖ್ಯ, ಹಂಗಾಮು ಅದಕ್ಕಿಂತ ಮುಖ್ಯ. ತಹರಿ ಬೆಳಗಿನದು, ಖಾನಾವಳಿಯ ಬಿಸಿ ರೊಟ್ಟಿ ಮಧ್ಯಾಹ್ನದ್ದು. ಹಸಿ ತೊಗರಿಕಾಯಿಯೂ ಎಳೆ ಜೋಳದ ತೆನೆ ಸುಟ್ಟು ತೆಗೆದ ಸೀತನಿಯೂ ಚಳಿಗಾಲ ಬಿಟ್ಟರೆ ಸಿಗುವುದಿಲ್ಲ. ಹೀಗಾಗಿ ಹೋಟೆಲುಗಳ ಪಟ್ಟಿ ಹಿಡಿದು ಅಲೆಯುವುದಕ್ಕಿಂತ ಗಡಿಯಾರವನ್ನೂ ಪಂಚಾಂಗವನ್ನೂ ನೋಡಿ ಪ್ರವಾಸ ಗೊತ್ತುಮಾಡಿಕೊಳ್ಳುವುದು ಲೇಸು.

ಯಾವಾಗ, ಹೇಗೆ

ಡಿಸೆಂಬರ್ ಮಧ್ಯದಿಂದ ಫೆಬ್ರುವರಿಯವರೆಗೆ ಹೋಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಆಗ ಮಜ್ಜಿಗೆ ಬಿಟ್ಟು ಬೇರೇನೂ ಗಂಟಲಿಗೆ ಇಳಿಯುವುದಿಲ್ಲ. ಬೆಂಗಳೂರಿನವರಿಗೆ ರೈಲೇ ಸರಿ. ಉದ್ಯಾನ್ ಎಕ್ಸ್‌ಪ್ರೆಸ್ ಹಳೆಯ ನಂಬಿಕಸ್ತ ಗಾಡಿ, 2024ರ ಮಾರ್ಚ್‌ನಿಂದ ವಂದೇ ಭಾರತ್ ಕೂಡ ಇದೆ.

ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಕೆಲವು ಆಟೋದವರು “ಛಲೋ ಹೋಟೆಲ್‌ಗೆ ಕರ್ಕೊಂಡ್ ಹೋಗ್ತೀನ್ರಿ” ಎಂದು ಬೆನ್ನು ಹತ್ತುತ್ತಾರೆ. ಆ ಹೋಟೆಲು ಛಲೋ ಇರುವುದು ಅವರ ಕಮಿಷನ್ನಿಗೆ. ಹೋಗಬೇಕಾದ ಚೌಕದ ಹೆಸರು ಹೇಳಿ, ಬಾಡಿಗೆಯನ್ನು ಮೊದಲೇ ಮಾತಾಡಿಕೊಂಡು ಹತ್ತಬೇಕು.

ಬೆಳಿಗ್ಗೆ: ತಹರಿ

ಮಾಂಸ ತಿನ್ನುವವರು ಲಾಡ್ಜಿನ ಇಡ್ಲಿ–ವಡೆಗೆ ಕಾಯದೆ ಎದ್ದ ಕೂಡಲೇ ಮುಸ್ಲಿಂ ಚೌಕದ ಕಡೆ ಹೋಗಬೇಕು. ತಹರಿ ಈ ಊರಿನ ಬೆಳಗಿನ ಊಟ. ಅಕ್ಕಿಯನ್ನೂ ಮಾಂಸವನ್ನೂ ಒಂದೇ ಪಾತ್ರೆಯಲ್ಲಿ ಅರಿಸಿನ, ಖಾರ, ಮಸಾಲೆ ಹಾಕಿ ಬೇಯಿಸುತ್ತಾರೆ. ಅನ್ನವೆಲ್ಲ ಒಂದೇ ಹದದ ಹಳದಿ, ತುತ್ತುತುತ್ತಿಗೂ ಮಾಂಸದ ರಸ. ಹೈದರಾಬಾದಿನ ಬಿರಿಯಾನಿಯ ಅಳತೆಗೋಲು ಹಿಡಿದು ಇದನ್ನು ಅಳೆಯಬಾರದು. ಬಿರಿಯಾನಿ ಪದರ ಪದರವಾಗಿ ದಮ್ ಕಟ್ಟಿದ ಮದುವೆಯ ಅಡುಗೆ. ತಹರಿ ಕೆಲಸಕ್ಕೆ ಹೊರಟವರ ಹೊಟ್ಟೆ ತುಂಬಿಸಲು ಹುಟ್ಟಿದ್ದು. ಮಸಾಲೆ ಕಡಿಮೆ, ದರವೂ ಕಡಿಮೆ. ಸಣ್ಣ ಹೋಟೆಲುಗಳಲ್ಲಿ ಹಂಡೆ ಖಾಲಿಯಾಯಿತೆಂದರೆ ಆ ದಿನದ ವ್ಯಾಪಾರ ಮುಗಿದಂತೆ. ಹತ್ತು ಗಂಟೆಗೆ ಹೋಗಿ ಕೇಳುವವರಿಗೆ ತಳದ ಅನ್ನ ಸಿಕ್ಕರೆ ಪುಣ್ಯ.

ಕೂರುವ ಮೊದಲು ಒಂದು ಮಾತು ಕೇಳಿಕೊಳ್ಳಬೇಕು. ಅನೇಕ ಕಡೆ ತಹರಿಗೆ ಹಾಕುವುದು ದೊಡ್ಡ ಮಾಂಸ. ಕುರಿ–ಮೇಕೆಯದೇ ಬೇಕೆನ್ನುವವರು “ಛೋಟೆ ಕಾ ಹೈ ಕ್ಯಾ, ಭಾಯಿ?” ಎಂದು ಕೇಳಿದರೆ ಸಾಕು. ಯಾರೂ ತಪ್ಪು ತಿಳಿಯುವುದಿಲ್ಲ, ಇಲ್ಲದಿದ್ದರೆ ಪಕ್ಕದ ಅಂಗಡಿ ತೋರಿಸುತ್ತಾರೆ.

ಸಸ್ಯಾಹಾರಿಗಳಿಗೆ ಬೆಳಿಗ್ಗೆ ಸೂಸಲಾ ಇದೆ. ಚುರುಮುರಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ ಒಗ್ಗರಣೆಯಲ್ಲಿ ಹೊರಳಾಡಿಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿರುತ್ತಾರೆ. ಜೊತೆಗೊಂದು ಮಿರ್ಚಿ ಭಜಿ ಕೇಳಿ ಹಾಕಿಸಿಕೊಳ್ಳಬೇಕು.

ಮಧ್ಯಾಹ್ನ: ಖಾನಾವಳಿ

ಒಂದೇ ಊಟಕ್ಕೆ ಸಮಯವಿದೆ ಎನ್ನುವವರು ಖಾನಾವಳಿಯನ್ನೇ ಆರಿಸಿಕೊಳ್ಳಬೇಕು. ಸೂಪರ್ ಮಾರ್ಕೆಟ್, ಬಸ್ ನಿಲ್ದಾಣ, ಗಂಜ್ ಸುತ್ತಮುತ್ತ ಹಲವು ಖಾನಾವಳಿಗಳಿವೆ. ಬೋರ್ಡಿನ ಚೆಂದ ನೋಡಬಾರದು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆಯೇ ಎಂಬುದೇ ಪರೀಕ್ಷೆ. ಬೆಳಿಗ್ಗೆ ಮಾಡಿಟ್ಟ ರೊಟ್ಟಿ ತಂದಿಡುವ ಕಡೆ ಕೂರುವುದರಲ್ಲಿ ಅರ್ಥವಿಲ್ಲ.

ತಾಟಿನಲ್ಲಿ ಮೊದಲು ಬರುವುದು ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಎಳೆ ಮೆಂತ್ಯ ಸೊಪ್ಪು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ, ಮೊಸರು. ಹಿಂಡಿಯ ಮೇಲೆ ಮೊಸರು ಹಾಕಿ ಕಲಸಿಕೊಂಡರೆ ಅರ್ಧ ರೊಟ್ಟಿ ಅದರಲ್ಲೇ ಮುಗಿಯುತ್ತದೆ. ಆಮೇಲೆ ಎಣ್ಣೆಗಾಯಿ, ಝುಣಕ, ಮೊಳಕೆ ಕಾಳು, ಪುಂಡಿ ಪಲ್ಯ. ಇವುಗಳಲ್ಲಿ ಪುಂಡಿ ಪಲ್ಯಕ್ಕೇ ಪಟ್ಟ ಕಟ್ಟಬೇಕು. ಹುಳಿ ಸೊಪ್ಪನ್ನು ಬೇಳೆ, ಜೋಳದ ನುಚ್ಚಿನ ಜೊತೆ ಬೇಯಿಸಿ ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಈ ಪಲ್ಯ ಮೊದಲ ದಿನಕ್ಕಿಂತ ಎರಡನೆಯ ದಿನ ರುಚಿ. ಬಿಸಿ ರೊಟ್ಟಿಯ ಮೇಲೆ ಅದನ್ನು ಹರಡಿ, ಮೇಲೆ ಹಸಿ ಎಣ್ಣೆ ಬಿಟ್ಟುಕೊಂಡು ಉಣ್ಣುವವರನ್ನು ನೋಡಿ ಕಲಿಯಬೇಕು.

ಬಡಿಸುವವರು “ಇನ್ನೊಂದು ಹಾಕ್ಲೇನ್ರಿ?” ಎನ್ನುತ್ತಲೇ ಇರುತ್ತಾರೆ. “ಬ್ಯಾಡ್ರಿ” ಅಂದರೆ “ಅರ್ಧ ತಗೊಳ್ರಿ, ಅಣ್ಣಾರ” ಎಂದು ಅರ್ಧ ಹಾಕಿಯೇ ಬಿಡುತ್ತಾರೆ. ಅನ್ನ–ಸಾರಿಗೆ ಜಾಗ ಉಳಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಇಲ್ಲಿನ ಬ್ಯಾಳಿಯ ರುಚಿಯೇ ಬೇರೆ. ಸೇಡಂ, ಚಿತ್ತಾಪುರ ಸುತ್ತಿನ ಸುಣ್ಣಕಲ್ಲಿನ ನೆಲ ಸಿಮೆಂಟ್ ಕಾರ್ಖಾನೆಗಳನ್ನೂ ಸಾಕಿದೆ, ತೊಗರಿಯನ್ನೂ ಸಾಕಿದೆ. ಕ್ಯಾಲ್ಸಿಯಂ, ಪೊಟ್ಯಾಷಿಯಂ ಹೆಚ್ಚಿರುವ ಈ ಮಣ್ಣಿನ ತೊಗರಿಬೇಳೆ ಬೇಗ ಬೇಯುತ್ತದೆ, ಘಮ ಬಿಡುತ್ತದೆ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು.

ಸಿಹಿ ಬೇಕೆಂದರೆ ಮಾಲ್ದಿ ಇದೆಯೇ ಎಂದು ಕೇಳಬೇಕು. ಗೋಧಿ ಚಪಾತಿಯನ್ನು ಪುಡಿ ಮಾಡಿ, ಬೆಲ್ಲ, ಪುಟಾಣಿ, ಕೊಬ್ಬರಿ, ಏಲಕ್ಕಿ ಸೇರಿಸಿದ ಇದನ್ನು ಬಿಸಿ ಹಾಲು–ತುಪ್ಪದಲ್ಲಿ ಕಲಸಿ ತಿನ್ನುತ್ತಾರೆ. ಎಲ್ಲ ಕಡೆ, ಎಲ್ಲ ದಿನ ಸಿಗುವುದಿಲ್ಲ. ಊಟದ ದರ ಈಚೆಗೆ ಏರಿದೆಯಾದರೂ ನೂರು–ನೂರೈವತ್ತರ ಆಚೀಚೆ ಹೊಟ್ಟೆ ತುಂಬುತ್ತದೆ.

ಮನೆಯ ಹಂಚಿನ ಮುಂದೆ

ಪರಿಚಯದ ಮನೆ ಒಂದಿದ್ದರೆ ಸಂಕೋಚ ಬಿಟ್ಟು ಅಡುಗೆಮನೆಯಲ್ಲಿ ಕೂರಬೇಕು. ಕೇಕು–ಬ್ರೆಡ್ಡಿನ ಬೇಕಿಂಗ್ ಕಲಿಯಲು ತರಗತಿಗೆ ದುಡ್ಡು ಕೊಡುವ ಜನ, ಇಲ್ಲಿನ ಹೆಣ್ಣುಮಕ್ಕಳು ದಿನವೂ ಹಂಚಿನ ಮೇಲೆ ಮಾಡುವ ಕೆಲಸವನ್ನು ಅದೇ ಗೌರವದಿಂದ ನೋಡಬೇಕು.

ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಅದಕ್ಕೇ ಹಿಟ್ಟಿನ ನಡುವೆ ಗುಳಿ ಮಾಡಿ, ಕುದಿಯುವ ಎಸರು ಸುರಿಯುತ್ತಾರೆ. ಬಿಸಿಗೆ ಪಿಷ್ಟ ಅರೆಬೆಂದು ಜಿಗಿ ಬರುತ್ತದೆ. ಹಿಟ್ಟು ಹಳೆಯದಾದರೆ ಎಷ್ಟು ಎಸರು ಹಾಕಿದರೂ ಅಂಚು ಸೀಳುತ್ತದೆ, ಹೀಗಾಗಿ ಬೀಸಿದ ಕೆಲವೇ ದಿನಗಳಲ್ಲಿ ಬಳಸಬೇಕು. ಅಂಗೈಯ ಬುಡದಿಂದ ಚೆನ್ನಾಗಿ ನಾದಿ, ಉಂಡೆ ಕಟ್ಟಿ, ಒಣ ಹಿಟ್ಟು ಉದುರಿಸಿ ಬಡಿಯಲು ಶುರು. ಒಂದು ಕೈ ಬಡಿಯುತ್ತದೆ, ಇನ್ನೊಂದು ಕೈ ಅಂಚು ಕಾಯುತ್ತದೆ, ರೊಟ್ಟಿ ತಾನೇ ತಿರುಗುತ್ತ ಅಗಲವಾಗುತ್ತದೆ. ಹಂಚಿಗೆ ಹಾಕಿದ ಮೇಲೆ ಒಣ ಹಿಟ್ಟಿನ ಮಗ್ಗುಲಿಗೆ ಒದ್ದೆ ಅರಿವೆಯಿಂದ ನೀರು ಸವರುತ್ತಾರೆ. ಆ ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಬೇಕು. ತಡವಾದರೆ ಬಿರುಕು, ಮೊದಲಾದರೆ ಹಸಿ. ಕೊನೆಗೆ ಬೆಂಕಿಗೆ ಹಿಡಿದಾಗ ಉಬ್ಬಿದ ರೊಟ್ಟಿಯನ್ನು ಬೆಣ್ಣೆ, ಖಾರದ ಜೊತೆ ಅಲ್ಲೇ ತಿನ್ನಬೇಕು. ಡೈನಿಂಗ್ ಟೇಬಲ್ಲಿನವರೆಗೆ ಒಯ್ಯುವಷ್ಟರಲ್ಲಿ ಅದರ ಹದ ಅರ್ಧ ಇಳಿದಿರುತ್ತದೆ.

ಅದೇ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ಅರಿವೆಯಿಂದ ಒತ್ತಿ ಒತ್ತಿ ನೀರಿನಂಶ ಹೋಗಲಾಡಿಸಿದರೆ ಖಡಕ್ ರೊಟ್ಟಿ. ಅದು ವಾರಗಟ್ಟಲೆ ಕೆಡುವುದಿಲ್ಲ. ಮಹಿಳಾ ಸ್ವಸಹಾಯ ಸಂಘಗಳು ಇದನ್ನು ‘ಕಲಬುರಗಿ ರೊಟ್ಟಿ’ ಹೆಸರಿನಲ್ಲಿ ಹೊರ ಊರುಗಳಿಗೂ ಕಳಿಸುತ್ತಿವೆ. 2025ರ ಜೂನ್‌ನಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲಿ ಅದರ ಪ್ರಸ್ತಾಪ ಬಂದಿತ್ತು.

ಎಳ್ಳ ಅಮಾವಾಸ್ಯೆ ಸಿಕ್ಕರೆ

ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಎಳ್ಳ ಅಮಾವಾಸ್ಯೆಗೆ ಹೋಗುವುದಾದರೆ ಉಳಿದ ಕಾರ್ಯಕ್ರಮ ಬದಿಗಿಡಬೇಕು. ಆ ದಿನ ಅರ್ಧ ಊರು ಹೊಲದಲ್ಲಿರುತ್ತದೆ. ಟ್ರ್ಯಾಕ್ಟರ್, ಬಂಡಿ, ಜೀಪುಗಳಲ್ಲಿ ಬುತ್ತಿ ಹೊತ್ತು ಹೋಗಿ, ಭೂತಾಯಿಗೆ ಪೂಜೆ ಮಾಡಿ, ಬೆಳೆಯ ನಡುವೆ ಅಡುಗೆಯ ಚರಗ ಚೆಲ್ಲಿ, ಆಮೇಲೆ ಕೂತು ಉಣ್ಣುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ ಎಲ್ಲ ಇರುತ್ತವೆ. ಆದರೆ ಅಂದಿನ ಯಜಮಾನ ಭಜ್ಜಿ. ಇದಕ್ಕೂ ಎಣ್ಣೆಯಲ್ಲಿ ಕರಿದ ಭಜಿಗೂ ಸಂಬಂಧವಿಲ್ಲ. ಹಸಿ ತೊಗರಿಕಾಳು, ಅವರೆ, ಹಸಿ ಕಡಲೆ, ಬಟಾಣಿ, ಶೇಂಗಾ, ಗಜ್ಜರಿ, ಬದನಿಕಾಯಿ, ಮೆಂತ್ಯ, ಪಾಲಕ್—ಆ ಹೊತ್ತಿಗೆ ನೆಲ ಕೊಟ್ಟಿದ್ದೆಲ್ಲ ಒಂದೇ ಪಾತ್ರೆಗೆ ಬಿದ್ದು, ಹುಣಸೆಹುಳಿ, ಕಡಲೆಹಿಟ್ಟಿನಲ್ಲಿ ಕುದ್ದ ಪಲ್ಯ ಇದು. ಹೋಟೆಲಿನಲ್ಲಿ ಇದನ್ನು ಹುಡುಕಬಾರದು. ದಾರಿಯಲ್ಲಿ ಹೊಲದವರಿಗೆ ನಮಸ್ಕಾರ ಹೇಳಿದರೆ “ಬರ್ರಿ, ಉಂಡ್ ಹೋಗ್ರಿ” ಎಂದು ಕರೆಯುವವರು ಸಿಗುತ್ತಾರೆ. ಕರೆದಾಗ ಹೋಗಬೇಕು.

ಕಮಲಾಪುರದ ಕೆಂಪು ಬಾಳೆ

ಕಲಬುರಗಿಯಿಂದ ಕಮಲಾಪುರ ಹುಮನಾಬಾದ್ ರಸ್ತೆಯಲ್ಲಿ ಬಸ್ಸಿಗೆ ಗಂಟೆಯೊಳಗಿನ ದಾರಿ. ಬೀದರ್ ಕಡೆಯ ಎಲ್ಲ ಬಸ್ಸುಗಳೂ ಕಮಲಾಪುರದಲ್ಲಿ ನಿಲ್ಲುವುದಿಲ್ಲ. ಕೇಳದೆ ತಡೆರಹಿತ ಬಸ್ ಹತ್ತಿದವರು ಹುಮನಾಬಾದ್ ನೋಡಿಕೊಂಡು ವಾಪಸ್ ಬರಬೇಕಾಗುತ್ತದೆ. ಹತ್ತುವ ಮೊದಲು ಕಂಡಕ್ಟರನ್ನು ಕೇಳುವುದು ಕಡ್ಡಾಯ. ದಾರಿಯಲ್ಲಿ ಹೊಳಕುಂದಾದ ಬಹಮನಿ ಕಾಲದ ಗೋರಿಗಳಿವೆ, ಸ್ವಂತ ವಾಹನವಿದ್ದವರು ಇಳಿದು ನೋಡಬಹುದು.

ಕಮಲಾಪುರ ಮತ್ತು ಸುತ್ತಲಿನ ಕಣಿವೆಯ ಇಳಿಜಾರಿನಲ್ಲಿ ಬೆಳೆಯುವ ಕೆಂಪು ಬಾಳೆಗೆ ತೊಗರಿಗಿಂತ ಮೊದಲೇ ಭೌಗೋಳಿಕ ಸೂಚಕ ಮಾನ್ಯತೆ ಬಂದಿದೆ. ಸಿಪ್ಪೆ ಕೆಂಪು, ತಿರುಳು ಕೆನೆಬಣ್ಣ, ಸವಿ ಗಾಢ. ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ನೀರು, ಗೊಬ್ಬರ, ಆಳು ಎಲ್ಲವೂ ಹೆಚ್ಚು. ಹೀಗಾಗಿ ದರವೂ ಹೆಚ್ಚು. ರೈತನ ಕೈಗೆ ಹೋಗುವ ಆ ದುಡ್ಡಿಗೆ ಚೌಕಾಸಿ ಮಾಡಬಾರದು.

ಆದರೆ ಹೆದ್ದಾರಿ ಬದಿಯ ಕೆಲವರು ಕಾರಿನ ನಂಬರ್ ಪ್ಲೇಟ್ ನೋಡಿ ದರ ಹೇಳುತ್ತಾರೆ, ಕಾಯನ್ನೇ ಹಣ್ಣೆಂದು ಕೊಡುತ್ತಾರೆ. ಕೆಂಪಾಗಿದ್ದ ಮಾತ್ರಕ್ಕೆ ಅದು ಕಮಲಾಪುರದ್ದೂ ಅಲ್ಲ. ತಮಿಳುನಾಡು, ಕೇರಳದ ಕೆಂಪು ಬಾಳೆಯೂ ಪೇಟೆಯಲ್ಲಿದೆ. ಊರೊಳಗೆ ವಿಚಾರಿಸಿ ತೋಟದವರಿಂದಲೇ ಕೊಳ್ಳುವುದು ಕ್ಷೇಮ. ಒತ್ತಿದರೆ ಮೆತ್ತಗಾಗುವ, ಕಡುಗೆಂಪು ತಿಳಿಯಾಗುತ್ತಿರುವ ಹಣ್ಣು ಅಂದೇ ತಿನ್ನಲು. ಗಟ್ಟಿಯಾದದ್ದು ಊರಿಗೆ ಒಯ್ಯಲು. ಗಟ್ಟಿ ಕಾಯನ್ನು ಫ್ರಿಜ್ಜಿಗೆ ಹಾಕಿದರೆ ಹಣ್ಣಾಗುವುದೇ ಇಲ್ಲ, ಪೇಪರಿನಲ್ಲಿ ಸುತ್ತಿ ಹೊರಗಿಡಬೇಕು.

ವಾಪಸ್ ಹೊರಡುವಾಗ

ಚೀಲದಲ್ಲಿ ಖಡಕ್ ರೊಟ್ಟಿಗೆ ಮೇಲಿನ ಜಾಗ, ಅಗಸಿ–ಶೇಂಗಾ ಹಿಂಡಿಗೆ ಬಿಗಿ ಮುಚ್ಚಳದ ಡಬ್ಬಿ. ತೊಗರಿಬೇಳೆಯನ್ನು ಗಂಜಿನ ಅಂಗಡಿಗಳಲ್ಲಿ ಕೊಳ್ಳಬಹುದು, ಇಲ್ಲವೇ ತೊಗರಿ ಅಭಿವೃದ್ಧಿ ಮಂಡಳಿಯ ‘ಭೀಮಾ ಪಲ್ಸ್’ ಪೊಟ್ಟಣ ಕೇಳಬಹುದು. ಪಾಲಿಷ್ ಮಾಡಿ ಮಿರಮಿರ ಹೊಳೆಯುವ ಬೇಳೆ ಬೇಡ, ಮಂಕು ಹಳದಿಯದೇ ಇರಲಿ. ಬೇಳೆ ಬೇಗ ಬೇಯುವುದರಿಂದ ಮನೆಯಲ್ಲಿ ಕುಕ್ಕರಿಗೆ ಹಾಕುವಾಗ ಒಂದು ಸೀಟಿ ಕಡಿಮೆ ಮಾಡಬೇಕು.